ಯಾವ ಕನ್ನಡ ಸಿನಿಮಾ ನಿರಾಸೆ ಮಾಡಿತು, ಯಾವುದು ಬೆರಗಾಗಿಸಿತು?

ನೀವು ಕೇಳಿದ್ದು ಎರಡು. ತುಂಬ ಆಸೆ ಇಟ್ಟುಕೊಂಡು ಹೋಗಿ ನಿರಾಸೆಯಾದ ಕನ್ನಡ ಸಿನಿಮಾ ಯಾವುದು, ಏನೂ ನಿರೀಕ್ಷೆ ಇಲ್ಲದೆ ಕೂತು ಬೆರಗಾಗಿ ಎದ್ದಿದ್ದು ಯಾವುದು. ನೇರವಾಗಿ ಹೇಳಿಬಿಡುತ್ತೇನೆ. ಬೆರಗಾಗಿದ್ದು ‘ದ್ವೀಪ’ ನೋಡಿ. ನಿರಾಸೆಯಾಗಿದ್ದು ‘ಕಾಂತಾರ’ದಲ್ಲಿ, ಅದೂ ಇಡೀ ಸಿನಿಮಾ ಅಲ್ಲ, ಕತೆ ಮುಗಿಸಿದ ರೀತಿ. ಎರಡನೆಯದನ್ನು ಒಪ್ಪದವರೇ ಜಾಸ್ತಿ ಅಂತ ಗೊತ್ತು. ಕಾರಣ ಹೇಳುತ್ತೇನೆ, ಪೂರ್ತಿ ಓದಿ.

ನಾನು ಕಾರವಾರದವನು. ಅಮ್ಮನ ತವರು ಶಿರಸಿ ಕಡೆ. ನಮ್ಮ ಜಿಲ್ಲೆಯಲ್ಲಿ ಸಮುದ್ರವೂ ಇದೆ, ಕಾಡೂ ಇದೆ, ಜಲಪಾತವೂ ಇದೆ. ಹಾಗಾಗಿ ಸಿನಿಮಾದವರು ಬರುತ್ತಲೇ ಇರುತ್ತಾರೆ. ಒಂದು ಹಾಡು ತೆಗೆದುಕೊಂಡು ವಾಪಸ್ ಹೋಗುತ್ತಾರೆ. ಇಲ್ಲಿ ಬದುಕುವವರ ಕತೆ ಮಾಡಿದವರು ಕಡಿಮೆ. ಅದಕ್ಕೇ ಇರಬೇಕು, ಸಿನಿಮಾ ನೋಡುವಾಗ ನನ್ನ ಗಮನ ಮೊದಲು ಹೋಗುವುದು ಅಲ್ಲಿಗೇ. ಈ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ? ಈ ಜಾಗ ಯಾರದ್ದು? ಅದನ್ನು ಕಳೆದುಕೊಳ್ಳುವವರು ಯಾರು? ಇದು ಸರಿಯಾಗಿ ಬಂದರೆ ಉಳಿದದ್ದು ಸ್ವಲ್ಪ ಹೆಚ್ಚುಕಡಿಮೆಯಾದರೂ ನನಗೆ ನಡೆಯುತ್ತದೆ.

‘ದ್ವೀಪ’ 2002ರ ಸಿನಿಮಾ. ನಿರ್ದೇಶನ ಗಿರೀಶ್ ಕಾಸರವಳ್ಳಿಯವರದ್ದು, ಮೂಲ ಕಾದಂಬರಿ ನಾ. ಡಿಸೋಜ ಅವರದ್ದು. ಡಿಸೋಜ ಸಾಗರದವರು, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರು, ಶರಾವತಿ ಮುಳುಗಡೆಯ ಜನರ ಪಾಡನ್ನು ಹತ್ತಿರದಿಂದ ಕಂಡವರು. ಅದೇ ಶರಾವತಿ ಘಟ್ಟ ಇಳಿದು ನಮ್ಮ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಆದರೂ ನಾನು ಈ ಸಿನಿಮಾವನ್ನು ಬಹಳ ಕಾಲ ಮುಂದೂಡಿದ್ದೆ. ಪ್ರಶಸ್ತಿ ಬಂದ ಸಿನಿಮಾ, ನಿಧಾನ ಇರುತ್ತದೆ ಅನ್ನೋ ಭಾವನೆ. ಮೇಲಾಗಿ ನಾಯಕಿ ಸೌಂದರ್ಯ. ತೆಲುಗಿನಲ್ಲಿ ಅಷ್ಟು ದೊಡ್ಡ ತಾರೆಯಾಗಿದ್ದವರು ಹಿನ್ನೀರಿನ ದಡದ ಬಡ ಹೆಂಗಸಾಗಿ ಹೇಗೆ ಕಾಣುತ್ತಾರೋ ಅಂತ ಅನುಮಾನ ಇತ್ತು.

ಕೊನೆಗೆ ಒಂದು ಮಳೆಗಾಲದಲ್ಲಿ ಮನೆಯಲ್ಲೇ ಟಿವಿಗೆ ಹಾಕಿ ನೋಡಿದೆವು. ಪಕ್ಕದಲ್ಲಿ ನಮ್ಮ ದೊಡ್ಡತ್ತೆ ಕೂತಿದ್ದರು. ಅತ್ತೆಯ ಗಂಡನ ಮನೆ ಮೊದಲು ಕಾಳಿ ನದಿಯ ದಡದಲ್ಲಿತ್ತು. ಅಣೆಕಟ್ಟೆಯ ಹಿನ್ನೀರು ಬಂದ ಮೇಲೆ ಆ ಊರೇ ಇಲ್ಲ. ಕತೆ ಸಣ್ಣದು. ಸೀತಾಪರ್ವತ ಅನ್ನೋ ಗುಡ್ಡ ಮುಳುಗಲಿದೆ, ಒಬ್ಬೊಬ್ಬರಾಗಿ ಎಲ್ಲರೂ ಹೊರಡುತ್ತಾರೆ. ಗುಡ್ಡದ ದೇವರ ಪೂಜೆ ಮಾಡಿಕೊಂಡಿದ್ದ ದುಗ್ಗಜ್ಜ, ಅವನ ಮಗ ಗಣಪ, ಸೊಸೆ ನಾಗಿ, ಇವರದ್ದು ಕಟ್ಟಕಡೆಗೆ ಉಳಿಯುವ ಮನೆ. ಊರು ಬಿಟ್ಟು ಹೋದರೆ ಇವರನ್ನು ಯಾರು ಕೇಳುತ್ತಾರೆ? ಜನ ಇವರಿಗೆ ಮರ್ಯಾದೆ ಕೊಡುತ್ತಿದ್ದದ್ದೇ ಆ ಗುಡ್ಡ ಮತ್ತು ಆ ದೇವರ ದೆಸೆಯಿಂದ. ಪರಿಹಾರದ ಹಣದಲ್ಲಿ ಅದನ್ನು ಕೊಳ್ಳಲಾಗುವುದಿಲ್ಲ. ಈ ಮಾತನ್ನು ಯಾರೂ ಭಾಷಣ ಮಾಡಿ ಹೇಳುವುದಿಲ್ಲ. ಏರುತ್ತಿರುವ ನೀರು ನೋಡುತ್ತ ನೋಡುತ್ತ ನಮಗೇ ತಿಳಿಯುತ್ತದೆ.

ಇಡೀ ಸಿನಿಮಾದಲ್ಲಿ ಮಳೆ. ಸುಂದರವಾದ ಹಾಡಿನ ಮಳೆ ಅಲ್ಲ, ಒಲೆ ಹತ್ತದ, ಬಟ್ಟೆ ಒಣಗದ ಮಳೆ. ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾಕ್ಕೆ ರಾಷ್ಟ್ರಪ್ರಶಸ್ತಿ ಬಂದಿದ್ದು ಸುಮ್ನೆ ಅಲ್ಲ. ಕೊನೆಯ ಭಾಗದಲ್ಲಿ ಆ ಮಳೆಯ ನಡುವೆ ಮನೆ, ಬದುಕು ಎರಡನ್ನೂ ಹಿಡಿದು ನಿಲ್ಲಿಸುವವಳು ನಾಗಿ. ನೀರು ಇಳಿಯುತ್ತದೆ, ಅವಳ ಮುಖ ಅರಳುತ್ತದೆ. ಆಗ ಗಂಡ ಇದೆಲ್ಲ ದೇವರ ದಯೆ ಅನ್ನುವಂತೆ ಮಾತಾಡುತ್ತಾನೆ. ಅವಳ ಹೆಸರಿಲ್ಲ. ಸೌಂದರ್ಯ ಆ ಹೊತ್ತಿನಲ್ಲಿ ದೊಡ್ಡದಾಗಿ ಏನೂ ಮಾಡುವುದಿಲ್ಲ. ಅರಳಿದ್ದ ಮುಖ ಹಾಗೇ ಸಣ್ಣಗಾಗುತ್ತದೆ, ಅಷ್ಟೇ. ನನ್ನ ಅನುಮಾನವೆಲ್ಲ ಆ ಮುಖ ನೋಡಿ ಮುಗಿಯಿತು. ಈ ಸಿನಿಮಾಕ್ಕೆ ದುಡ್ಡು ಹಾಕಿದವರೂ ಅವರೇ. 2004ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಇಂಥ ಪಾತ್ರಗಳು ಇನ್ನೂ ಎಷ್ಟು ಬರಬಹುದಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಅತ್ತೆ ಸಿನಿಮಾ ಮುಗಿಯುವವರೆಗೂ ಮಾತಾಡಲಿಲ್ಲ. ಆಮೇಲೆ ಹೇಳಿದರು, “ನಾವು ಬರೂವಾಗ ಹಂಚು ಇಳ್ಸಿ, ಬಾಗಿಲು, ತೊಲೆ ಎಲ್ಲ ಬಿಚ್ಚಿ ಲಾರಿಗೆ ತುಂಬ್ಕಂಡು ಬಂದಿದ್ವು ತಮಾ. ಪರಿಹಾರ ಬಂದದ್ದು ನಿನ್ನ ಮಾವನ ಹೆಸರಿಗೆ. ಗದ್ದೆ ನೆಟ್ಟಿದ್ದು ನಾನು.” ನಾಗಿಯ ಮುಖ ಯಾಕೆ ಸಣ್ಣಗಾಯಿತು ಅಂತ ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಈಗ ‘ಕಾಂತಾರ’. 2022ರ ಸೆಪ್ಟೆಂಬರ್ ಕೊನೆಯಲ್ಲಿ ಬಂತು. ನಾನು ನೋಡಿದ್ದು ಶಿರಸಿಯಲ್ಲಿ, ಕಿಕ್ಕಿರಿದ ಥಿಯೇಟರಿನಲ್ಲಿ. ರಿಷಬ್ ಶೆಟ್ಟಿಯವರ ಮೈಮೇಲೆ ಗುಳಿಗ ದೈವ ಬರುವ ಆ ಕೊನೆಯ ಹೊತ್ತು ಇದೆಯಲ್ಲ, ಅದನ್ನು ಮರೆಯೋಕೆ ಸಾಧ್ಯವೇ ಇಲ್ಲ. ಶಿಳ್ಳೆ ಹೊಡೆಯುತ್ತಿದ್ದವರೆಲ್ಲ ಗಪ್‌ಚಿಪ್. ನಟನೆ, ಶಬ್ದ, ಅಜನೀಶ್ ಲೋಕನಾಥ್ ಸಂಗೀತ, ಯಾವುದಕ್ಕೂ ನನ್ನ ತಕರಾರಿಲ್ಲ.

ತಕರಾರು ಇರುವುದು ಜಾಗದ ವಿಷಯದಲ್ಲಿ. ಸಿನಿಮಾ ಶುರುವಾಗುವುದೇ ಅಲ್ಲಿಂದ. ಕಾಡಿನಂಚಿನ ಜನ, ಅವರಿಗೆ ಕಾಡು ಬೇಕು. ಅರಣ್ಯ ಅಧಿಕಾರಿ ಮುರಳೀಧರ ಬಂದು ಇದು ಸರ್ಕಾರದ್ದು ಅನ್ನುತ್ತಾನೆ, ಬೇಲಿ ಹಾಕಿಸುತ್ತಾನೆ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಯಾಕೆಂದರೆ ಉತ್ತರ ಕನ್ನಡದ ಮುಕ್ಕಾಲು ಪಾಲು ಕಾಡು, ಇಲ್ಲಿನ ಎಷ್ಟೋ ಮನೆಗಳ ದಿನನಿತ್ಯದ ಜಗಳ ಇದೇ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸದ ಸಾಕ್ಷಿ ಕೇಳುತ್ತದೆ. ಅದೂ 2005ಕ್ಕೂ ಹಿಂದಿನದ್ದು. ಅಜ್ಜ ಮಣ್ಣಿನ ಗೋಡೆ ಎಬ್ಬಿಸಿ ಹುಲ್ಲು ಹೊದೆಸಿದ ಮನೆಗೆ 1930ರ ಕಾಗದ ಎಲ್ಲಿಂದ ತರೋದು? ಅಮ್ಮನ ಊರಿನಲ್ಲಿ ಒಬ್ಬರು ಪ್ಲಾಸ್ಟಿಕ್ ಚೀಲ ಬಿಚ್ಚಿ ತೋರಿಸಿದ್ದರು. ಹಳೇ ರೇಶನ್ ಕಾರ್ಡು, ಮತದಾರರ ಪಟ್ಟಿಯ ನಕಲು, ಜಿಪಿಎಸ್ ಸರ್ವೆಯ ನಕ್ಷೆ, ಅರ್ಜಿಯ ಮೇಲೆ ಅರ್ಜಿ. ಮಡಿಕೆ ಬಿದ್ದಲ್ಲೆಲ್ಲ ಹರಿದು, ಹಿಂದಿನಿಂದ ಟೇಪ್ ಅಂಟಿಸಿದ್ದರು. ಹಕ್ಕುಪತ್ರ ಮಾತ್ರ ಇನ್ನೂ ಬಂದಿಲ್ಲ.

‘ಕಾಂತಾರ’ ಇಂಥವರ ಕತೆ ಹೇಳುತ್ತದೆ ಅಂತ ನಾನು ನಂಬಿದ್ದೆ. ಅರ್ಧ ದಾರಿಯವರೆಗೆ ಹೇಳಿತು ಕೂಡ. ಆಮೇಲೆ ತಪ್ಪೆಲ್ಲ ದೇವೇಂದ್ರ ಅನ್ನೋ ಒಬ್ಬ ಧಣಿಯ ತಲೆಗೆ ಹೋಯಿತು. ಅವನು ಸತ್ತ, ಅಧಿಕಾರಿ ಒಳ್ಳೆಯವನಾದ. ಕೊನೆಯಲ್ಲಿ ದೈವ ಅಧಿಕಾರಿಯ ಕೈ, ಊರವರ ಕೈ ಸೇರಿಸಿ ಎದೆಗೆ ಹಿಡಿದುಕೊಳ್ಳುತ್ತದೆ. ನೋಡುವಾಗ ಕಣ್ಣು ತುಂಬಿತು. ಆದರೆ ಬೇಲಿ ಏನಾಯಿತು? ಜಾಗ ಯಾರ ಹೆಸರಿಗಾಯಿತು? ಕೆಟ್ಟ ಧಣಿ ಇಲ್ಲದ ಊರುಗಳಲ್ಲೂ ಈ ಜಗಳ ಇದೆ, ಒಳ್ಳೆಯ ಅಧಿಕಾರಿ ಇದ್ದಾಗಲೂ ಇದೆ. ಕಾನೂನಿನಲ್ಲೇ ಇರುವ ಗಂಟನ್ನು ಒಬ್ಬ ಖಳನಾಯಕನನ್ನು ಕೊಂದು ಬಿಡಿಸಿದಂತೆ ತೋರಿಸಿದ್ದು ನನಗೆ ನೋವಾಯಿತು. ಲೀಲಾಳ ಪಾತ್ರವನ್ನೇ ನೋಡಿ. ಅದೇ ಊರಿನ ಹುಡುಗಿ, ಅರಣ್ಯ ಇಲಾಖೆಯಲ್ಲಿ ಗಾರ್ಡ್. ತನ್ನ ಜನರ ಎದುರೇ ಬೇಲಿ ಹಾಕಿಸಲು ನಿಲ್ಲಬೇಕಾದವಳು. ಅವಳ ಜಾಗದಲ್ಲಿ ನಿಂತು ಈ ಕತೆ ಹೇಳಿದ್ದರೆ ಎಂಥ ಸಿನಿಮಾ ಆಗುತ್ತಿತ್ತು ಅಂತ ಇವತ್ತಿಗೂ ಯೋಚಿಸುತ್ತೇನೆ.

2025ರಲ್ಲಿ ಬಂದ ‘ಅಧ್ಯಾಯ 1’ ಕದಂಬರ ಕಾಲಕ್ಕೇ ಹೋಯಿತು. ಕಣ್ಣಿಗೆ ಹಬ್ಬ. ನನ್ನ ಪ್ರಶ್ನೆಯಿಂದ ಇನ್ನೂ ದೂರ.

ಬೆರಗಾದ ಇನ್ನೊಂದು ಸಿನಿಮಾ ಹೇಳಲೇಬೇಕು, ‘ಪೆದ್ರೊ’. ನಿರ್ದೇಶಕ ನಟೇಶ್ ಹೆಗಡೆ ನಮ್ಮ ಜಿಲ್ಲೆಯವರು. 2021ರಲ್ಲಿ ಬೂಸಾನ್ ಚಿತ್ರೋತ್ಸವಕ್ಕೆ ಹೋಗಿತ್ತು. ಮುಖ್ಯ ಪಾತ್ರ ಮಾಡಿದ್ದು ಅವರ ಸ್ವಂತ ಅಪ್ಪ ಗೋಪಾಲ ಹೆಗಡೆ. ಊರಿನ ಕರೆಂಟ್ ಕೆಲಸ ಮಾಡುವ ಪೆದ್ರೊ ಕೈಯಲ್ಲಿ ಗೊತ್ತಿಲ್ಲದೆ ಒಂದು ಹಸು ಸಾಯುತ್ತದೆ. ನಿನ್ನೆವರೆಗೆ ಲೈಟು ಹೋದರೆ ಅವನನ್ನೇ ಕರೆಯುತ್ತಿದ್ದ ಊರು ಅವನಿಂದ ದೂರ ಸರಿಯುತ್ತದೆ. ಯಾರೂ ಕೂಗಾಡುವುದಿಲ್ಲ. ತೋಟದ ದಾರಿಯಲ್ಲಿ ಎದುರಾದವರು ಮಾತು ನುಂಗಿಕೊಳ್ಳುವುದು, ಮನೆಯ ಜಗುಲಿಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಅನ್ನೋದು, ಇದೆಲ್ಲ ನಾನು ರಜೆಯಲ್ಲಿ ಕಂಡ ಘಟ್ಟದ ಮೇಲಿನ ಊರೇ. ಕರಾವಳಿ ಅಂದಾಕ್ಷಣ ಸಿನಿಮಾದಲ್ಲಿ ಮಂಗಳೂರು, ಕುಂದಾಪುರದ ಮಾತೇ ಕೇಳುತ್ತದೆ. ಅದು ಚಂದವೇ. ಆದರೆ ನಮ್ಮ ಕಡೆಯ ಜನ ನಮ್ಮ ಹಾಗೇ ಮಾತಾಡುವುದನ್ನು ತೆರೆಯ ಮೇಲೆ ಕೇಳಿದಾಗ ಆದ ಖುಷಿಯೇ ಬೇರೆ.

ಉಳಿದವು ಚುಟುಕಾಗಿ. ತೊಂಬತ್ತರ ದಶಕದ ‘ನಮ್ಮೂರ ಮಂದಾರ ಹೂವೇ’ ಯಾಣದ ಕಪ್ಪು ಬಂಡೆಗಳನ್ನು ಇಡೀ ರಾಜ್ಯಕ್ಕೆ ತೋರಿಸಿತು. ಇಳಯರಾಜಾ ಹಾಡುಗಳು ಈಗಲೂ ನಮ್ಮ ಮನೆಯಲ್ಲಿ ಕೇಳುತ್ತವೆ, ಅದರ ಬಗ್ಗೆ ಪ್ರೀತಿ ಬಿಟ್ಟರೆ ಬೇರೇನಿಲ್ಲ. ‘ಸು ಫ್ರಮ್ ಸೋ’ ನಗುವುದಕ್ಕೆ ಅಂತ ಹೋಗಿ ನೋಡಿದ್ದು. ದೆವ್ವದ ತಮಾಷೆಯೊಳಗಿಂದ ಒಬ್ಬ ಹೆಣ್ಣುಮಗಳ ಕಷ್ಟ ಎದ್ದು ಬಂದಾಗ ನಿಜಕ್ಕೂ ಬೆರಗಾದೆ. ‘ಸಪ್ತ ಸಾಗರದಾಚೆ ಎಲ್ಲೋ’ ಮೊದಲ ಭಾಗ ನನಗೆ ತುಂಬ ಇಷ್ಟ, ಎರಡನೆಯದರಲ್ಲಿ ನಾಯಕ ಮನು ತನ್ನ ಹಳೆಯ ಪ್ರೇಯಸಿ ಪ್ರಿಯಾಳ ಬೆನ್ನು ಬಿದ್ದಿದ್ದು ಪ್ರೀತಿ ಅನಿಸಲಿಲ್ಲ, ಭಯವಾಯಿತು. ಆ ಭಾಗದಲ್ಲಿ ನನಗೆ ಜೀವಂತ ಅನಿಸಿದವಳು ಮನುವಿನ ಬದುಕಿಗೆ ಬರುವ ಸುರಭಿ.

ನೀವು ಯಾವುದನ್ನೂ ನೋಡಿಲ್ಲ ಅಂದರೆ ‘ದ್ವೀಪ’ದಿಂದ ಶುರು ಮಾಡಿ. ಮನೆಯಲ್ಲಿ ಹಿರಿಯ ಹೆಂಗಸರು ಇದ್ದರೆ ಅವರನ್ನೂ ಕೂರಿಸಿಕೊಳ್ಳಿ. ‘ಕಾಂತಾರ’ದ ಬಗ್ಗೆ ನಾನು ಹೇಳಿದ್ದು ಸರಿ ಕಾಣದಿದ್ದರೆ ಕೆಳಗೆ ಬರೆಯಿರಿ. ಅರ್ಜಿ ಹಾಕಿ ಕಾಯುತ್ತಿರುವ ಮನೆಯವರು ಆ ಕೊನೆಯನ್ನು ಹೇಗೆ ನೋಡಿದರು ಅಂತ ತಿಳಿಯುವ ಆಸೆ ನನಗಿದೆ.