ಪಿಚ್ ಡೆಕ್ ನಾವೇ ಮಾಡಬೇಕೇ, ದುಡ್ಡು ಕೊಟ್ಟು ಮಾಡಿಸಬೇಕೇ?

ಪ್ರಶ್ನೆ: ಗೆಳೆಯರಿಬ್ಬರು ಸೇರಿ ಅಡಿಕೆ ಡ್ರೈಯರ್ ತಯಾರಿಸಿ ಮೂರು ಮನೆಗಳಲ್ಲಿ ಇಟ್ಟು ನೋಡುತ್ತಿದ್ದೇವೆ. ಹೂಡಿಕೆದಾರರಿಗೆ ತೋರಿಸಲು ಪಿಚ್ ಡೆಕ್ (ವ್ಯವಹಾರವನ್ನು ವಿವರಿಸುವ ಸ್ಲೈಡ್‌ಗಳು) ಬೇಕು. ಬೆಂಗಳೂರಿನ ಒಂದು ಸಂಸ್ಥೆ ಬರವಣಿಗೆ, ಲೆಕ್ಕ, ವಿನ್ಯಾಸ ಎಲ್ಲವನ್ನೂ ತಾವೇ ಮಾಡಿಕೊಡುತ್ತೇವೆ ಅನ್ನುತ್ತಿದೆ. ಒಪ್ಪಿಕೊಳ್ಳಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ವಿನ್ಯಾಸ ಬೇಕಾದರೆ ಕೊಡಿ. ಬರವಣಿಗೆ, ಲೆಕ್ಕ ಮಾತ್ರ ಕೊಡಬೇಡಿ. ಹೂಡಿಕೆದಾರರು ಮೊದಲು ಕೆದಕುವುದೇ ಅಂಕಿಗಳನ್ನು. ‘ಇದು ಎಲ್ಲಿಂದ ಬಂತು?’ ಎಂದಾಗ ಉತ್ತರ ನಿಮ್ಮ ನಾಲಿಗೆಯ ತುದಿಯಲ್ಲಿರಬೇಕು.

ಹೊರಗಿನವರು ಸಾಮಾನ್ಯವಾಗಿ ಎಡವುವುದು ಮಾರುಕಟ್ಟೆಯ ಸ್ಲೈಡ್‌ನಲ್ಲಿ. ದೇಶದ ಇಡೀ ಅಡಿಕೆ ವಹಿವಾಟಿನ ಮೊತ್ತ ಹಾಕಿ, ‘ಶೇ. 1ರಷ್ಟು ಸಿಕ್ಕರೂ ಸಾಕು’ ಎಂದು ಬರೆದುಬಿಡುತ್ತಾರೆ. ನೀವು ಮಾರುವುದು ಅಡಿಕೆಯನ್ನಲ್ಲ, ಡ್ರೈಯರನ್ನು. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ತಾವೇ ಸುಲಿಸಿ, ಬೇಯಿಸಿ, ಒಣಗಿಸುವ ಮನೆಗಳೆಷ್ಟು ಎಂದು ಲೆಕ್ಕ ಹಾಕಿ. ಫಸಲನ್ನು ಚೇಣಿಗೆ (ಮರದಲ್ಲಿರುವಾಗಲೇ ಗುತ್ತಿಗೆಗೆ) ಕೊಡುವವರನ್ನು ಬಿಡಿ, ಅವರಿಗೆ ಡ್ರೈಯರ್ ಬೇಡ. ಉದಾಹರಣೆಗೆ 2,000 ಮನೆ ಉಳಿದು, ಡ್ರೈಯರ್ ಬೆಲೆ 1.5 ಲಕ್ಷ ರೂ. ಆದರೆ 30 ಕೋಟಿ ರೂ. ಸಣ್ಣದೆನಿಸಿದರೂ ಪ್ರತಿ ಸೊನ್ನೆಗೂ ನೀವು ಕಾರಣ ಹೇಳಬಲ್ಲಿರಿ.

ನಿಮ್ಮ ನಿಜವಾದ ಬಲ ಆ ಮೂರು ಮನೆಗಳು. ಒಂದು ಸಲಕ್ಕೆ ಎಷ್ಟು ಕೆ.ಜಿ. ಹಾಕಿದಿರಿ, ಎಷ್ಟು ಗಂಟೆ ಹಿಡಿಯಿತು, ಸೌದೆ ಅಥವಾ ಕರೆಂಟಿನ ಖರ್ಚೆಷ್ಟು, ಮಂಡಿಯಲ್ಲಿ ಆ ರಾಶಿ ಅಡಿಕೆಗೆ ಸಿಕ್ಕ ದರಕ್ಕೂ ಅದೇ ಮನೆಯ ಬಿಸಿಲಲ್ಲಿ ಒಣಗಿದ ಅಡಿಕೆಯ ದರಕ್ಕೂ ಎಷ್ಟು ವ್ಯತ್ಯಾಸ, ಇಷ್ಟನ್ನು ಒಂದೇ ಕೋಷ್ಟಕದಲ್ಲಿ ಕೊಡಿ. ಉರಿ ಜಾಸ್ತಿಯಾಗಿ ಬಣ್ಣ ಕೆಟ್ಟಿದ್ದರೆ ಅದನ್ನೂ, ಸರಿಪಡಿಸಿದ ಬಗೆಯನ್ನೂ ಸೇರಿಸಿ. ಕೊಯ್ಲು ಮುಗಿದ ಮೇಲೆ ಉಳಿದ ತಿಂಗಳು ಸಂಬಳ, ಬಾಡಿಗೆ ಎಲ್ಲಿಂದ ಎಂಬ ಪ್ರಶ್ನೆ ಬಂದೇ ಬರುತ್ತದೆ. ತಿಂಗಳುವಾರು ಹಣದ ಲೆಕ್ಕ ಜೊತೆಗಿರಲಿ.

ಕಂಪ್ಯೂಟರ್ ಮುಟ್ಟುವ ಮೊದಲು 10–12 ಹಾಳೆ ತೆಗೆದುಕೊಂಡು ಒಂದೊಂದರಲ್ಲೂ ಒಂದೇ ವಾಕ್ಯ ಬರೆಯಿರಿ. ಆ ವಾಕ್ಯಗಳನ್ನಷ್ಟೇ ಓದಿದರೂ ವಿಷಯ ತಿಳಿಯಬೇಕು. ಅಡಿಕೆ ಬೆಳೆಗಾರರೊಬ್ಬರಿಗೂ ಲೆಕ್ಕಪರಿಶೋಧಕರೊಬ್ಬರಿಗೂ ತೋರಿಸಿ. ವಿನ್ಯಾಸಕಾರರ ಬಳಿ ಹೋಗುವುದು ಆಮೇಲೆ. ತಿದ್ದಬಹುದಾದ ಮೂಲ ಫೈಲ್ ಕೊಡಬೇಕು, ಎರಡು ಸಲವಾದರೂ ತಿದ್ದಿಕೊಡಬೇಕು, ಮಾಹಿತಿ ಗುಟ್ಟಾಗಿಡಬೇಕು ಎಂದು ಮೊದಲೇ ಬರೆಸಿಕೊಳ್ಳಿ. ಬರೀ ಪಿಡಿಎಫ್ ಕೊಟ್ಟರೆ ದರವೊಂದು ಬದಲಾದರೂ ಮತ್ತೆ ಅವರ ಬಾಗಿಲಿಗೇ ಹೋಗಬೇಕಾಗುತ್ತದೆ. ಬಂದ ಹೂಡಿಕೆಯಲ್ಲಿ ಪಾಲು ಕೇಳುವವರನ್ನು ದೂರವಿಡಿ.

ರಾಜ್ಯ ಸರ್ಕಾರ ನವೋದ್ಯಮಗಳಿಗೆ ಕೊಡುವ ಎಲಿವೇಟ್ ಅನುದಾನಕ್ಕೂ (ಗರಿಷ್ಠ 50 ಲಕ್ಷ ರೂ.) ಅರ್ಜಿ ಹಾಕುವುದಾದರೆ ಡೆಕ್ ಬೇರೆಯೇ ಆಗಬೇಕು. ಅದು ಷೇರು ಕೇಳದ ಹಣ. ಹೂಡಿಕೆಗೆ ಎಷ್ಟು ಷೇರು ಕೊಡುತ್ತೀರಿ ಎಂಬ ಸ್ಲೈಡ್ ತೆಗೆದು, ಯಾವ ಹಂತದಲ್ಲಿ ಎಷ್ಟು ಖರ್ಚು, ಅದರಿಂದ ಏನು ಸಿದ್ಧವಾಗುತ್ತದೆ ಎಂಬುದನ್ನು ಹಾಕಿ.

ಪ್ರಶ್ನೆ: ಕನ್ನಡದಲ್ಲೇ ಡೆಕ್ ಮಾಡಿದ್ದೆ. ಬೇರೆ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಅಕ್ಷರಗಳೆಲ್ಲ ಚಿಹ್ನೆಗಳಾದವು. ಏಕೆ?
– ಓದುಗರು, ಸಾಗರ

ಉತ್ತರ: ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟ್ ಬಳಸಿರುತ್ತೀರಿ. ಆ ಫಾಂಟ್ ಇಲ್ಲದ ಕಡೆ ಹೀಗಾಗುತ್ತದೆ. ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದಿ. ಸಾಲುಗಳ ನಡುವೆ ಜಾಗ ಹೆಚ್ಚಿಸಿ, ಇಲ್ಲದಿದ್ದರೆ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. ಕಳಿಸುವಾಗ ಪಿಡಿಎಫ್ ಮಾಡಿ, ಇನ್ನೊಬ್ಬರ ಮೊಬೈಲ್‌ನಲ್ಲಿ ಒಮ್ಮೆ ತೆರೆದು ನೋಡಿ.