ರಾಜೀನಾಮೆ ಬರ್ಕೊಡು ಅಂದ್ರೆ ಕೂಡ್ಲೇ ಬರ್ಕೊಡ್ಬೇಡಿ

ಪ್ರಶ್ನೆ: ಕಾಸರಗೋಡು ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸಲ್ಲಿದ್ದೇನೆ, 8 ವರ್ಷ 8 ತಿಂಗಳಾಯ್ತು. ಈಗ ವ್ಯಾಪಾರ ಕಮ್ಮಿ, ಮುಂದಿನ ತಿಂಗಳಿಂದ ಬರೋದು ಬೇಡ, ಒಂದು ರಾಜೀನಾಮೆ ಬರ್ಕೊಡು ಅಂತಿದ್ದಾರೆ. ಗ್ರಾಚ್ಯುಟಿ ಕೇಳಿದ್ರೆ ಅದೆಲ್ಲ ದೊಡ್ಡ ಕಂಪೆನಿಯವ್ರಿಗೆ ಅಂತಾರೆ. ರಿಜಿಸ್ಟರಲ್ಲಿ ಸಂಬಳ ಜಾಸ್ತಿ ಬರೆದು ಸೈನ್ ಹಾಕಿಸ್ತಾರೆ, ಕೈಗೆ ಕೊಡೋದು ಕಮ್ಮಿ. ಎಲ್ಲಿ ಕೇಳ್ಬೇಕು? ನನಗೆ ಮಲಯಾಳ ಮಾತಾಡ್ಲಿಕ್ಕೆ ಬರ್ತದೆ, ಬರೀಲಿಕ್ಕೆ ಬರೋದಿಲ್ಲ.
- ಬದಿಯಡ್ಕದ ಓದುಗರು

ಉತ್ತರ: ಮೊದಲು ಆ ರಾಜೀನಾಮೆ ಬರೀಬೇಡಿ ಅಕ್ಕ. ಅವ್ರು ಅದನ್ನ ಕೇಳೋದು ಸುಮ್ನೆ ಅಲ್ಲ. ಕೇರಳದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನು, 1960ರದ್ದು, ಅದರಲ್ಲಿ 6 ತಿಂಗಳು ಸತತ ಕೆಲಸ ಮಾಡಿದವ್ರನ್ನ ಸರಿಯಾದ ಕಾರಣ ಇಲ್ಲದೆ ತೆಗೀಲಿಕ್ಕೆ ಇಲ್ಲ, ಕಾರಣ ಇದ್ರೂ ಒಂದು ತಿಂಗಳ ನೋಟಿಸ್ ಕೊಡ್ಬೇಕು, ಇಲ್ಲಾಂದ್ರೆ ಒಂದು ತಿಂಗಳ ಸಂಬಳ. ಅನ್ಯಾಯ ಅಂತ ಕಂಡ್ರೆ ಅಪೀಲು ಹೋಗ್ಲಿಕ್ಕೂ ಉಂಟು. ನೀವೇ ಬಿಟ್ಟೆ ಅಂತ ಬರ್ಕೊಟ್ರೆ ಇದಿಷ್ಟೂ ಹೋಯ್ತು. ಖಾಲಿ ಕಾಗದಕ್ಕೆ ಸೈನ್ ಅಂತೂ ಬೇಡವೇ ಬೇಡ.

ಗ್ರಾಚ್ಯುಟಿ, ಅಂದ್ರೆ ವರ್ಷಗಟ್ಟಲೆ ದುಡಿದು ಕೆಲಸ ಬಿಡುವಾಗ ಧಣಿ ಕೊಡ್ಬೇಕಾದ ಇಡುಗಂಟು, ಅದು ಮಾತ್ರ ರಾಜೀನಾಮೆ ಕೊಟ್ರೂ ಹೋಗೋದಿಲ್ಲ, 5 ವರ್ಷ ಆಗಿದ್ರೆ ಸಾಕು. ದೊಡ್ಡ ಕಂಪೆನಿ ಆಗ್ಬೇಕಂತಲೂ ಇಲ್ಲ, 10 ಜನ ಕೆಲಸಕ್ಕಿದ್ರೆ ಆಯ್ತು. ಧಣಿಗಳು ಲೆಕ್ಕ ಹಾಕುವಾಗ ಸೇಲ್ಸಿನ ಹುಡುಗಿಯರನ್ನ ಮಾತ್ರ ಎಣಿಸಿ ಏಳೇ ಜನ ಅಂತಾರೆ, ಕ್ಯಾಶಲ್ಲಿ ಕೂತವ್ರು, ಗೋಡೌನಿನವ್ರು, ಬೆಳಿಗ್ಗೆ ಗುಡಿಸ್ಲಿಕ್ಕೆ ಬರುವ ಅಮ್ಮ, ಎಲ್ಲಾ ಸೇರ್ತಾರೆ. ಹಿಂದೆ ಒಮ್ಮೆ 10 ಜನ ಇದ್ದು ಈಗ ಆರಕ್ಕೆ ಇಳಿದಿದ್ರೂ ಕಾನೂನು ಬಿಡೋದಿಲ್ಲ.

ಲೆಕ್ಕ ಹೀಗೆ. ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ ಕಡೇ ತಿಂಗಳ ಸಂಬಳ 13,000 ಅಂತ ಇಟ್ಕೊಳ್ಳಿ. ಅದನ್ನ 26ರಿಂದ ಭಾಗಿಸಿ 15ರಿಂದ ಗುಣಿಸಿದ್ರೆ 7,500. ಇದು ಒಂದು ವರ್ಷದ್ದು, ಅಂದ್ರೆ ವರ್ಷಕ್ಕೆ 15 ದಿನದ ಸಂಬಳ. ಆರು ತಿಂಗಳಿಂದ ಜಾಸ್ತಿ ಆದ್ರೆ ಪೂರ್ತಿ ವರ್ಷ ಅಂತ ಹಿಡೀತಾರೆ, ನಿಮ್ಮ 8 ವರ್ಷ 8 ತಿಂಗಳು 9 ಆಗ್ತದೆ, ಒಟ್ಟು 67,500. 30 ದಿನದೊಳಗೆ ಕೊಡ್ಬೇಕು, ತಡ ಆದ್ರೆ ಬಡ್ಡಿ. 2025ರ ನವೆಂಬರ್ 21ರಿಂದ 1972ರ ಗ್ರಾಚ್ಯುಟಿ ಕಾನೂನಿನ ಜಾಗಕ್ಕೆ ಕೇಂದ್ರದ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಆದ್ರೆ ನಿಮ್ಮಂಥ ಕಾಯಂ ಕೆಲಸದವ್ರಿಗೆ ಈ 15 ದಿನದ ಲೆಕ್ಕ ಬದಲಾಗ್ಲಿಲ್ಲ.

ಇನ್ನು ಆ ರಿಜಿಸ್ಟರ್. ಇದು ನಮ್ಮ ಪೇಟೆಗಳಲ್ಲಿ ಹಳೇ ಆಟ, ಸರ್ಕಾರದ ಕನಿಷ್ಠ ಕೂಲಿಯ ಅಂಕೆ ಪುಸ್ತಕದಲ್ಲಿ, ಕೈಗೆ ಬೇರೆ. ನಿಮ್ಮ ಹತ್ರ ಬ್ಯಾಂಕ್ ಪಾಸ್‌ಬುಕ್ ಇದ್ರೆ, ಅಥವಾ ಅವ್ರು ಗೂಗಲ್ ಪೇ ಮಾಡಿದ್ದಿದ್ರೆ ಅದರ ಸ್ಕ್ರೀನ್‌ಶಾಟ್, ಅದೇ ಸಾಕ್ಷಿ. ತಮಾಷೆ ಏನಂದ್ರೆ ಧಣಿಗಳು ಅವ್ರದ್ದೇ ಪುಸ್ತಕದಲ್ಲಿ ಜಾಸ್ತಿ ಸಂಬಳ ಬರ್ದಿದ್ದಾರಲ್ಲ, ಗ್ರಾಚ್ಯುಟಿಗೆ ಆ ಅಂಕೆಯಿಂದಲೇ ಲೆಕ್ಕ ಕೇಳಿ, ಆಗ ಅವ್ರು ಏನು ಹೇಳಿದ್ರೂ ಒಂದು ಕಡೆ ಸಿಕ್ಕಿ ಬೀಳ್ತಾರೆ.

ಕೂರ್ಲಿಕ್ಕೆ ಸ್ಟೂಲ್ ಕೊಡ್ತಾರಾ ಅಂತ ನೀವು ಬರೀಲಿಲ್ಲ, ಆದ್ರೂ ಹೇಳ್ತೇನೆ. ಕೋಝಿಕ್ಕೋಡಿನ ಅಂಗಡಿಗಳ ಹೆಂಗಸರು ಪೆಣ್ಕೂಟ್ಟ್ ಅಂತ ಸಂಘಟನೆ ಮಾಡಿ ವರ್ಷಗಟ್ಟಲೆ ಗುದ್ದಾಡಿದ್ರು, 2018ರಲ್ಲಿ ಕೇರಳ ಕಾನೂನು ತಿದ್ದಿ ಕೂರುವ ಹಕ್ಕು ಕೊಟ್ಟಿತು. ಗಿರಾಕಿ ಇಲ್ಲದಾಗ ಕೂತದ್ದಕ್ಕೆ ಸಂಬಳ ಹಿಡಿದ್ರೆ ಅದನ್ನೂ ದೂರಲ್ಲಿ ಬರೀರಿ.

ದೂರು ಅಸಿಸ್ಟೆಂಟ್ ಲೇಬರ್ ಆಫೀಸರ್ ಹತ್ರ. ಕನ್ನಡದಲ್ಲೇ ಬರೀರಿ, ಹೆದರ್ಬೇಡಿ. 1969ರ ಕೇರಳ ಆಡಳಿತ ಭಾಷಾ ಕಾನೂನಲ್ಲಿ ಭಾಷಾ ಅಲ್ಪಸಂಖ್ಯಾತರ ಪ್ರದೇಶದ ಸರ್ಕಾರಿ ಆಫೀಸಿಗೆ ಕನ್ನಡದಲ್ಲಿ ಬರೀಲಿಕ್ಕೂ ಕನ್ನಡದಲ್ಲಿ ಉತ್ತರ ಪಡೀಲಿಕ್ಕೂ ನಮಗೆ ಹಕ್ಕುಂಟು. ಕೌಂಟರಲ್ಲಿ ಮಲಯಾಳದಲ್ಲಿ ಬರ್ಕೊಂಡು ಬನ್ನಿ ಅಂದ್ರೆ ಜಗಳ ಬೇಡ, ಹಾಗಂತ ಬರೆದು ಕೊಡಿ ಸಾರ್ ಅಂತ ಕೇಳಿ, ಹೆಚ್ಚಿನವ್ರು ಅಷ್ಟಕ್ಕೇ ತಕೊಳ್ತಾರೆ. ಇನ್ನೊಂದು ಪ್ರತಿಗೆ ತಾರೀಕು ಹಾಕಿ ಸೀಲ್ ಹೊಡೆಸಿ ಇಟ್ಕೊಳ್ಳಿ. ಅಂಗಡಿ ಕೆಲಸಗಾರರ ಕ್ಷೇಮನಿಧಿಗೆ ನಿಮ್ಮ ಹೆಸರು ಸೇರಿಸಿದ್ದಾರಾ ಅಂತ ಅಲ್ಲೇ ಒಮ್ಮೆ ಕೇಳಿ.

ಪ್ರಶ್ನೆ: ಹೊಸಂಗಡಿಯಿಂದ ದಿನಾ ಮಂಗಳೂರಿಗೆ ಕೆಲಸಕ್ಕೆ ಹೋಗ್ತೇನೆ, ಶೋರೂಂನಲ್ಲಿ ಬಿಲ್ಲಿಂಗ್, 12,000 ಸಂಬಳ. ಸುಮಾರು 15 ಜನ ಇದ್ದೇವೆ. ನೀನು ಕೇರಳದವ, ನಿನಗೆ ಇಎಸ್‌ಐ ಬರೋದಿಲ್ಲ ಅಂತಾರೆ, ಹೌದಾ?

ಉತ್ತರ: ಸುಳ್ಳು ಮಾರಾಯ್ರೆ. ಕಾನೂನು ನೋಡೋದು ನೀವು ಕೆಲಸ ಮಾಡುವ ಜಾಗವನ್ನ, ರೇಷನ್ ಕಾರ್ಡ್ ಯಾವ ರಾಜ್ಯದ್ದು ಅಂತಲ್ಲ. ಗಡಿಯ ತಲಪಾಡಿ ದಾಟಿದ ಮೇಲೆ ನಿಮಗೆ ಕರ್ನಾಟಕದ 1961ರ ಅಂಗಡಿ ಕಾನೂನು, ದಿನಕ್ಕೆ 9 ಗಂಟೆ, ವಾರಕ್ಕೆ 48. ಕೇರಳದಲ್ಲಿ ದಿನಕ್ಕೆ 8, ಅದಕ್ಕೇ ಊರಿನ ಗೆಳೆಯರ ಮಾತು ಕೇಳಿ ಅಲ್ಲಿ ಹೋಗಿ ವಾದ ಮಾಡಿದ್ರೆ ನಡೆಯೋದಿಲ್ಲ. 48 ದಾಟಿದ ಗಂಟೆಗೆ ಡಬಲ್ ಕೂಲಿ ಎರಡು ಕಡೆಯೂ ಉಂಟು.

ಇಎಸ್‌ಐ ಅಂದ್ರೆ ಕೆಲಸಗಾರರ ಆರೋಗ್ಯ ವಿಮೆ, ಅದು ಕೇಂದ್ರದ್ದು. 10 ಜನ ಇದ್ದು ಸಂಬಳ 21,000ದೊಳಗೆ ಇದ್ರೆ ಸೇರಿಸ್ಲೇಬೇಕು. ನಿಮ್ಮಿಂದ ಕಟ್ಟಾಗೋದು 0.75 ಪರ್ಸೆಂಟ್, ಅಂದ್ರೆ 90 ರೂಪಾಯಿ, ಅವ್ರು ಹಾಕ್ಬೇಕಾದ್ದು 3.25, ಅಂದ್ರೆ 390. ಬೇಡ ಅನ್ನೋದು ಆ 390ಕ್ಕೆ, ನೀವು ಕೇರಳದವ್ರು ಅಂತ ಅಲ್ಲ. ಪಿಎಫ್ ಮಾತ್ರ 20 ಜನ ಇದ್ದಲ್ಲಿ ಕಡ್ಡಾಯ, 15ಕ್ಕೆ ಒತ್ತಾಯ ಮಾಡ್ಲಿಕ್ಕಾಗೋದಿಲ್ಲ. ಇಎಸ್‌ಐ ದೂರು ಅದರದ್ದೇ ಆಫೀಸಿಗೆ, ಗಂಟೆ ರಜೆ ವಿಷಯ ಮಂಗಳೂರಿನ ಕಾರ್ಮಿಕ ಇಲಾಖೆಗೆ. ಕಾಸರಗೋಡಿನ ಲೇಬರ್ ಆಫೀಸಿಗೆ ಹೋದ್ರೆ ಬಸ್ ಚಾರ್ಜು ದಂಡ.