ಜ್ಯಾಮ್ ಜೊತೆ ಪರದೆಯ ಚಿತ್ರ ಹೇಗೆ ಹೊಂದುತ್ತದೆ?

ಜ್ಯಾಮ್ (ವೇದಿಕೆಯಲ್ಲೇ ಮನಸ್ಸಿಗೆ ಬಂದಂತೆ ಬೆಳೆಸುವ ವಾದನ) ಎಷ್ಟು ಹೊತ್ತು ಸಾಗುತ್ತದೆಂದು ವಾದಕರಿಗೇ ಗೊತ್ತಿರದಾಗ ಪರದೆಯ ಚಿತ್ರ ಅದಕ್ಕೆ ಹೊಂದುವುದು ಹೇಗೆ ಎಂದು ಕೇಳಿದ್ದೀರಿ. 2024ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನ ಸ್ಫಿಯರ್ ಎಂಬ, ಒಳಗೋಡೆಯೇ ಬೃಹತ್ ಪರದೆಯಾಗಿರುವ ಸಭಾಂಗಣದಲ್ಲಿ ಅಮೆರಿಕದ ರಾಕ್ ತಂಡ ಫಿಶ್ ನಾಲ್ಕು ರಾತ್ರಿ ನುಡಿಸಿತು, ಒಂದು ಹಾಡನ್ನೂ ಮತ್ತೆ ನುಡಿಸಲಿಲ್ಲ. ಅಲ್ಲಿ ಮೊದಲೇ ಮುಗಿಸಿಟ್ಟ ವಿಡಿಯೋವನ್ನಷ್ಟೇ ನೆಚ್ಚಿಕೊಂಡಿರಲಿಲ್ಲ. ದೃಶ್ಯ ವಿನ್ಯಾಸದ ಸಂಸ್ಥೆ ಮೊಮೆಂಟ್ ಫ್ಯಾಕ್ಟರಿಯವರು ಬಹಳಷ್ಟು ದೃಶ್ಯಗಳನ್ನು ಕಂಪ್ಯೂಟರ್ ಆ ಕ್ಷಣದಲ್ಲೇ ರಚಿಸುವಂತೆ ಸಿದ್ಧಪಡಿಸಿದ್ದರು. ಸಂಗೀತ ಹೋದ ದಾರಿಗೆ ತಕ್ಕಂತೆ ಅವನ್ನು ಅಲ್ಲೇ ಬದಲಿಸಬಹುದಿತ್ತು. ಗಿಟಾರ್ ವಾದನ ಬೆಳೆಯುತ್ತಾ ಹೋದರೆ ಚಿತ್ರವೂ ಬೆಳೆಯುತ್ತದೆ. ನನಗೆ ದೊಡ್ಡದೆನಿಸುವುದು ಇದೇ, ಅತಿ ಸೂಕ್ಷ್ಮ ವಿವರ ತೋರುವ 16ಕೆ ಪರದೆಯಲ್ಲ.